ಜಗಲಿಯ ಕಳ್ಳಿ, ಮನೆಯ ನಾಯಿ

ಬದಿಯಡ್ಕ, 6 ಜುಲೈ 2025, ಭಾನುವಾರ

ನಮ್ಮೂರಿನ ಮಳೆಗೆ ಕಳ್ಳಿಗಿಡ ಅಂಗಳದಲ್ಲಿ ಬದುಕುವುದು ಕಷ್ಟ. ಬುಡ ಕೊಳೆಯುತ್ತದೆ. ಜೂನ್ ಬಂತೆಂದರೆ ಕುಂಡಗಳೆಲ್ಲ ಜಗಲಿ ಹತ್ತುತ್ತವೆ. ಒದ್ದೆ ತಪ್ಪಿಸಿಕೊಳ್ಳಲು ನಾಯಿಯೂ ಅಲ್ಲಿಗೇ ಬರುತ್ತದೆ.

ಇವತ್ತು ನೀರ್ಚಾಲಿನ ಅತ್ತಿಗೆ ಫೋನ್ ಮಾಡಿದ್ದರು. "ನಾಯಿಮರಿ ಕುಂಡಕ್ಕೆಲ್ಲ ಬಾಯಿ ಹಾಕ್ತದೆ ಮಾರಾಯ್ತಿ. ಕಳ್ಳಿ ವಿಷ ಅಲ್ವಾ? ಎಲ್ಲ ಬಿಸಾಡ್ಬೇಕಾ?"

ಬೇಡ ಅಂದೆ. ಸಂಜೆ ಹೋಗಿ ಒಂದೊಂದೇ ಕುಂಡ ನೋಡಿದೆ. ಅಸಲಿ ಕ್ಯಾಕ್ಟಸ್ ಜಾತಿಯ ಹೆಚ್ಚಿನ ಗಿಡಗಳು ನಾಯಿಗೆ ವಿಷವಲ್ಲ. ಕ್ರಿಸ್ಮಸ್ ಕ್ಯಾಕ್ಟಸ್‌ಗೆ ಮುಳ್ಳೂ ಇಲ್ಲ, ವಿಷವೂ ಇಲ್ಲ. ಜಾಸ್ತಿ ತಿಂದರೆ ವಾಂತಿ ಆದೀತು, ಅಷ್ಟೆ. ತೋಟದ ಡ್ರ್ಯಾಗನ್ ಫ್ರೂಟ್ ಬಳ್ಳಿಯೂ ಅದೇ ಕುಟುಂಬದ್ದು.

ಜಾಗ್ರತೆ ಬೇಕಾದದ್ದು ಹಾಲು ಸುರಿಸುವ ಯುಫೋರ್ಬಿಯಾಗಳ ಬಗ್ಗೆ. ನೋಡಲು ಕ್ಯಾಕ್ಟಸ್ ತರಾನೇ ಇರುತ್ತವೆ. ಎಲ್ಲರ ಗೇಟಿನ ಬಳಿ ಕೆಂಪು ಹೂ ಬಿಡುವ ಮುಳ್ಳಿನ ಗಿಡ, ಎಲೆಯಿಲ್ಲದೆ ಹಸಿರು ಕಡ್ಡಿ ಕಡ್ಡಿಯಾಗಿ ಬೆಳೆಯುವ ಪೆನ್ಸಿಲ್ ಕಳ್ಳಿ, ಎಲ್ಲ ಆ ಗುಂಪಿನವು. ಆ ಹಾಲು ಬಾಯಿಗೆ ತಾಗಿದರೆ ಉರಿ, ಜೊಲ್ಲು, ವಾಂತಿ. ಕಣ್ಣಿಗೆ ಬಿದ್ದರೆ ಇನ್ನೂ ಕಷ್ಟ.

ಗುರುತು ಹಿಡಿಯಲು ಮುಳ್ಳಿನ ಬುಡ ನೋಡಬೇಕು. ಕ್ಯಾಕ್ಟಸ್‌ನಲ್ಲಿ ಹತ್ತಿ ಅಂಟಿಸಿದಂಥ ಪುಟ್ಟ ಚುಕ್ಕಿ ಇರುತ್ತದೆ, ಮುಳ್ಳುಗಳೆಲ್ಲ ಅದರಿಂದಲೇ ಹೊರಡುತ್ತವೆ. ಯುಫೋರ್ಬಿಯಾಕ್ಕೆ ಆ ಚುಕ್ಕಿ ಇಲ್ಲ. ಕಂಬದ ಹಾಗೆ ಬೆಳೆಯುವ ಜಾತಿಗಳಲ್ಲಿ ಏಣಿನ ಮೇಲೆ ಎರಡೆರಡು ಮುಳ್ಳು ಜೋಡಿಯಾಗಿ ಇರುತ್ತವೆ.

ವಿಷ ಇಲ್ಲ ಅಂತ ಕ್ಯಾಕ್ಟಸನ್ನು ನೆಲದಲ್ಲೇ ಇಡುವುದನ್ನೂ ನಾನು ಒಪ್ಪುವುದಿಲ್ಲ. ಬನ್ನಿ ಇಯರ್ ಅನ್ನುವ ಕ್ಯಾಕ್ಟಸ್ ಅಂತೂ ಬೇಡವೇ ಬೇಡ. ಮೊಲದ ಕಿವಿಯ ಹಾಗೆ ಚಂದ, ದೊಡ್ಡ ಮುಳ್ಳು ಒಂದೂ ಇಲ್ಲ. ಆದರೆ ಮೈ ತುಂಬ ಹಳದಿ ಚುಕ್ಕಿ, ಒಂದೊಂದು ಚುಕ್ಕಿಯಲ್ಲೂ ಕೂದಲಿಗಿಂತ ಸಣ್ಣ ಮುಳ್ಳುಗಳ ರಾಶಿ. ತುದಿಯಲ್ಲಿ ಕೊಕ್ಕೆ, ಮುಟ್ಟಿದರೆ ಸಾಕು, ಕಳಚಿ ಬರುತ್ತವೆ. ನಾಯಿ ಪಂಜ ನೆಕ್ಕಿಕೊಂಡರೆ ಅವು ನಾಲಿಗೆಗೆ ಹೋಗುತ್ತವೆ. ಪಾಪ, ಅದಕ್ಕೆ ಹೇಳಲು ಬಾಯಿಲ್ಲ. ಸುಮ್ನೆ ಮುಖ ಉಜ್ಜಿಕೊಳ್ಳುತ್ತದೆ, ಅನ್ನ ಮುಟ್ಟುವುದಿಲ್ಲ.

ಪಂಜಕ್ಕೆ ಚುಚ್ಚಿದ ದೊಡ್ಡ ಮುಳ್ಳನ್ನು ಚಿಮುಟದಲ್ಲಿ ನೇರ ಎಳೆದು ತೆಗೆಯಬಹುದು. ಸಣ್ಣವಕ್ಕೆ ಟೇಪ್ ಅಂಟಿಸಿ ಎಳೆಯಬೇಕು, ಉಜ್ಜಬಾರದು. ಬಾಯಿಯೊಳಗೆ, ಕಣ್ಣಿನ ಹತ್ತಿರ ಚುಚ್ಚಿದ್ದರೆ ಮನೆಯಲ್ಲಿ ಕೈ ಹಾಕದೆ ಮೃಗಾಸ್ಪತ್ರೆಗೆ ಒಯ್ಯುವುದೇ ಸರಿ. ಕಳ್ಳಿಹಾಲು ತಾಗಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆದು ಡಾಕ್ಟರಿಗೆ ಫೋನ್ ಮಾಡಬೇಕು. ನಾವಾಗಿ ವಾಂತಿ ಮಾಡಿಸಬಾರದು.

ಇವೆಲ್ಲಕ್ಕಿಂತ ನನಗೆ ಭಯ ಆದದ್ದು ಅತ್ತಿಗೆಯ ಅಂಗಳದ ಸೈಕಸ್ ನೋಡಿ, ಚಂದಕ್ಕೆ ಬೆಳೆಸುವ, ಪುಟ್ಟ ತಾಳೆಮರದ ಹಾಗೆ ಕಾಣುವ ಗಿಡ ಅದು. ಅದರ ಬೀಜ ತಿಂದರೆ ನಾಯಿಯ ಲಿವರ್ ಹಾಳಾಗುತ್ತದೆ, ಜೀವಕ್ಕೇ ಅಪಾಯ. ಕಳ್ಳಿಗೆ ಹೆದರುವವರು ಅದನ್ನು ಮಾತ್ರ ಪ್ರೀತಿಯಿಂದ ಸಾಕುತ್ತಾರೆ!

ಲೋಳೆಸರವೂ ನಾಯಿಗೆ ಆಗುವುದಿಲ್ಲ, ಅದನ್ನು ಕಿಟಕಿಯ ಮೇಲೆ ಇಟ್ಟೆವು. ಪೆನ್ಸಿಲ್ ಕಳ್ಳಿ ಟೆರೇಸಿಗೆ, ಶೀಟಿನ ಅಡಿಗೆ ಹೋಯಿತು. ಸೈಕಸ್ ಸುತ್ತ ಬೇಲಿ ಹಾಕಲು ನಾಳೆ ಅಣ್ಣ ಬಲೆ ತರುತ್ತಾರಂತೆ.