ತೊಗರಿ ಹೊಲದ ಕೆಂಪು ಪಟ್ಟಿ

ಜೇವರ್ಗಿ ಕಡೆ ಎಂಟು ಎಕರೆ ಎರೆ ಹೊಲ, ತುಂಬಾ ತೊಗರಿ. ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ (ಕಣ್ಣಿಗೆ ಕಾಣದ ಬೆಳಕನ್ನೂ ಅಳೆಯುವಂಥದ್ದು) ಕಟ್ಟಿದ ಡ್ರೋನ್ ಹಾರಿಸಿ, ನಕ್ಷೆ ಮಾಡಿ, ಮರುದಿನ ರೈತರ ಮುಂದಿಟ್ಟೆ. ಸುಸ್ತಾದ ಗಿಡ ನಕ್ಷೆಯಲ್ಲಿ ಕೆಂಪಾಗಿ ಕಾಣುತ್ತದೆ; ಹೊಲದ ನಡುವೆ ಉದ್ದಕ್ಕೂ ಕೆಂಪು ಪಟ್ಟಿ. "ಕಾಕಾ, ಇಲ್ಲಿ ನೆಟೆ ರೋಗ ಹತ್ತಿದೆ" ಎಂದೆ. ಗಿಡವನ್ನು ಬಾಡಿಸಿ ಒಣಗಿಸುವ ರೋಗ ಅದು.

ಅವರು ಸೀದಾ ಅಲ್ಲಿಗೆ ನಡೆದರು. ಒಂದು ಗಿಡ ಕಿತ್ತು ಕುಡುಗೋಲಿನಿಂದ ಬುಡ ಸೀಳಿದರು. ನೆಟೆ ಹತ್ತಿದ್ದರೆ ಒಳಗೆ ಕಂದು, ಕಪ್ಪು ಗೆರೆ ಇರುತ್ತದೆ. ಇದು ಬೆಳ್ಳಗೆ, ಹಸಿಯಾಗಿತ್ತು. ಇನ್ನೂ ನಾಲ್ಕು ಸೀಳಿದರು, ಎಲ್ಲವೂ ಹಾಗೇ. "ತಮ್ಮಾ, ನೆಟೆ ಹಿಂಗ ಗೆರಿ ಹೊಡ್ದಂಗ ಬರಂಗಿಲ್ಲ. ಅಲ್ಲೊಂದು ಇಲ್ಲೊಂದು ಗುಂಪು ಒಣಗತಾವ" ಎಂದರು.

ರಾತ್ರಿ ನಕ್ಷೆಯ ಮೇಲೆ ಡ್ರೋನ್ ಹಾರಿದ ದಾರಿ ಇಟ್ಟು ನೋಡಿದೆ. ಕೆಂಪು ಪಟ್ಟಿ ಬಿತ್ತಿದ ಸಾಲಿಗೂ ಹೊಂದಲ್ಲ, ಬದುವಿಗೂ ಹೊಂದಲ್ಲ. ಡ್ರೋನ್ ಹೊಡೆದ ಎರಡು ಸುತ್ತುಗಳಿಗೆ ಮಾತ್ರ ಸರಿಯಾಗಿ ಹೊಂದಿತು. ಆ ಎರಡು ಸುತ್ತಿನ ಹೊತ್ತಿಗೆ ಮೋಡ ಅಡ್ಡ ಬಂದಿತ್ತು.

ನಮ್ಮ ಕ್ಯಾಮೆರಾ 400ರಿಂದ 1000 ನ್ಯಾನೋಮೀಟರ್‌ವರೆಗಿನ ಬೆಳಕನ್ನು ನೂರಾರು ಸಣ್ಣ ಪಟ್ಟಿಗಳಾಗಿ ಒಡೆದು ಅಳೆಯುತ್ತದೆ. ನಮ್ಮ ಕಣ್ಣಿನ ನೋಟ ಸುಮಾರು 700ಕ್ಕೇ ಮುಗಿಯುತ್ತದೆ. ಎಲೆಯ ಸುಸ್ತು ಮೊದಲು ಕಾಣುವುದು 680ರಿಂದ 750ರ ಆಸುಪಾಸಿನಲ್ಲಿ, ಎಷ್ಟೋ ಸಲ ಎಲೆ ಹಳದಿಯಾಗುವ ಮೊದಲೇ. ಆದರೆ ಎಲೆ ಎಷ್ಟು ಪಾಲು ಬೆಳಕನ್ನು ವಾಪಸ್ ಕಳಿಸಿತು ಅಂತ ತಿಳಿಯಲು ಎಲೆ ಮೇಲೆ ಬಿದ್ದ ಬೆಳಕು ಎಷ್ಟು ಅಂತ ಗೊತ್ತಿರಬೇಕು ಅಲ್ವಾ? ಅದಕ್ಕೇ ಎಷ್ಟು ಪಾಲು ಬೆಳಕು ವಾಪಸ್ ಕಳಿಸುತ್ತದೆ ಅಂತ ಮೊದಲೇ ಗೊತ್ತಿರುವ ಬಿಳಿ ಪ್ಯಾನೆಲ್ ನೆಲದ ಮೇಲೆ ಇಟ್ಟು ಅಳತೆ ತೆಗೆಯುವುದು. ನಾನು ಅದನ್ನು ಹಾರಿಸುವ ಮೊದಲು ಒಂದೇ ಸಲ ತೆಗೆದಿದ್ದೆ, ಒಳ್ಳೆ ಬಿಸಿಲಿನಲ್ಲಿ. ಮೋಡದಡಿ ಬೆಳಕು ಕಡಿಮೆ, ಅದರ ಬಣ್ಣವೂ ಬೇರೆ. ಚೆನ್ನಾಗಿದ್ದ ಗಿಡಗಳು ಸುಮ್ನೆ ರೋಗಿಗಳಾದವು. ತಪ್ಪು ಪೂರ್ತಿ ನನ್ನದು. ನನ್ನ ಮಾತು ನಂಬಿ ಅವರು ಔಷಧಿಗೆ ದುಡ್ಡು ಸುರಿದಿದ್ದರೆ ಅಂತ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಈಗ ಪ್ರತಿ ಹಾರಾಟಕ್ಕೆ ಮೊದಲು ಮತ್ತು ಆಮೇಲೆ ಎರಡೂ ಸಲ ಪ್ಯಾನೆಲ್ ಒರೆಸಿ ಅಳತೆ ತೆಗೆಯುತ್ತೇನೆ. ಎರೆ ಮಣ್ಣಿನ ಧೂಳು ಕೂತರೂ ಲೆಕ್ಕ ತಪ್ಪುತ್ತದೆ. ಮೋಡ ಬಂದರೆ ಡ್ರೋನ್ ಇಳಿಸಿ ಕಾಯುತ್ತೇನೆ. ಬ್ಯಾಗಿನಲ್ಲಿ ಒಂದು ಕುಡುಗೋಲೂ ಇದೆ. ನಕ್ಷೆ ಕೆಂಪಾದ ಕಡೆ ಗಿಡ ಸೀಳಿ ನೋಡದೆ ರೋಗದ ಹೆಸರು ಬಾಯಿಗೆ ತರುವುದಿಲ್ಲ. ನೀರು ನಿಂತರೂ, ಬೇರು ಕೊಳೆತರೂ ನಕ್ಷೆಯಲ್ಲಿ ಹಾಗೇ ಕೆಂಪು ಬರಬಹುದು.

ಮೂರನೇ ದಿನ ಬಿಸಿಲು ನೋಡಿ ಅದೇ ಹೊಲದ ಮೇಲೆ ಮತ್ತೆ ಹಾರಿಸಿದೆ. ಪಟ್ಟಿ ಮಾಯವಾಗಿತ್ತು. ತಗ್ಗಿನ ಮೂಲೆಯಲ್ಲಿ ಮಾತ್ರ ಅಂಗೈಯಗಲದ ಕೆಂಪು ಕಲೆ. ಕಾಕಾ ಅಲ್ಲಿಯ ಗಿಡ ಸೀಳಿದರು. ಒಳಗೆ ಕಪ್ಪು ಗೆರೆ ಇತ್ತು.