ಫಿಶ್ ಸಾಸ್ ಬೇಡ ಅಂತ ಈಗ ಯಾರಿಗೆ ಹೇಳೋದು?

ಅಮೆರಿಕದಲ್ಲಿ ಸಸ್ಯಾಹಾರಿಗಳಾಗಿ ಇರುವವರಿಗೆ ಥಾಯ್ ಹೋಟೆಲು ದೊಡ್ಡ ಆಸರೆ. ತೆಂಗಿನಹಾಲು, ಹುಣಸೆಹುಳಿ, ಮೆಣಸಿನಕಾಯಿ, ಎಲ್ಲ ನಾಲಿಗೆಗೆ ಗೊತ್ತಿರುವ ರುಚಿಗಳೇ. ತೊಡಕು ಇರೋದು ಬೇರೆ ಕಡೆ. ಥಾಯ್ ಅಡುಗೆಯಲ್ಲಿ ಬಹುಪಾಲು ಉಪ್ಪಿನ ಕೆಲಸ ಮಾಡುವುದು ನಾಮ್ ಪ್ಲಾ ಎಂಬ ಫಿಶ್ ಸಾಸ್, ಅಂದರೆ ಮೀನನ್ನು ಹುದುಗಿಸಿ ತೆಗೆದ ರಸ. ಕರಿ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಸಿಗಡಿ ಇರುತ್ತದೆ, ಹುರಿದ ನೂಡಲ್ಸ್‌ನಲ್ಲಿ ಆಯ್ಸ್ಟರ್ ಸಾಸ್, ಅಂದರೆ ಸಿಂಪಿಯ ರಸ. ಮೆನುವಿನಲ್ಲಿ ತೋಫು (ಸೋಯಾ ಪನೀರ್) ಎಂದಿದ್ದರೆ ಮಾಂಸದ ತುಂಡಿನ ಬದಲು ತೋಫು ಹಾಕುತ್ತಾರೆ ಅಂತಷ್ಟೇ ಅರ್ಥ.

ಹಾಗಾಗಿ ಲೋಟದಲ್ಲಿ ನೀರು ತುಂಬಿಸಿದರೋ ಇಲ್ಲವೋ ಅನ್ನೋದರ ಮೇಲೆ ನಾವು ಸರ್ವಿಸ್ ಅಳೆಯುವಂತಿಲ್ಲ. ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ನಮ್ಮ ಇಷ್ಟದ ಹೋಟೆಲಿನಲ್ಲಿ ಒಬ್ಬ ಹಿರಿಯ ಹೆಂಗಸು ಬಡಿಸುತ್ತಿದ್ದರು. ನಾವು ಕೂರುವಷ್ಟರಲ್ಲೇ ಅಡುಗೆಯವರಿಗೆ ಥಾಯ್‌ನಲ್ಲಿ ಕೂಗಿ ಹೇಳಿ ಆಗಿರುತ್ತಿತ್ತು. "ಇವತ್ತು ಗ್ರೀನ್ ಕರಿ ಬೇಡ, ಪೇಸ್ಟ್ ಹೊರಗಿನದು" ಅಂತ ತಾವೇ ತಡೆಯುತ್ತಿದ್ದರು. ಅವರಿದ್ದಾಗ ಮೆನು ಬಿಚ್ಚುವ ಅಗತ್ಯವೇ ಬರುತ್ತಿರಲಿಲ್ಲ.

ಈಗ ಅವರು ಅಲ್ಲಿ ಕೆಲಸಕ್ಕಿಲ್ಲ. ಮೇಜಿನ ಮೇಲೆ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಫೋನಿನಲ್ಲಿ ಆರ್ಡರ್ ಮಾಡಿ, ಕೊನೆಯ ಚಿಕ್ಕ ಚೌಕದಲ್ಲಿ ಫಿಶ್ ಸಾಸ್ ಬೇಡ ಎಂದು ಬರೆಯಬೇಕು. ಅದನ್ನು ಯಾರಾದರೂ ಓದುತ್ತಾರಾ? ಕೌಂಟರಿನ ಹುಡುಗನನ್ನು ಕೇಳಿದರೆ "ಇರಲಿಕ್ಕಿಲ್ಲ" ಅನ್ನುತ್ತಾನೆ. ಆ 'ಇರಲಿಕ್ಕಿಲ್ಲ' ನಂಬಿ ತರಿಸಿದ ನೂಡಲ್ಸ್‌ನಲ್ಲಿ ಮಗಳಿಗೆ ಸಿಗಡಿ ಸಿಕ್ಕಿತು. ಹುಡುಗ ತಟ್ಟೆ ಎತ್ತಿಕೊಂಡು ಹೋದ. ಸಾರಿ ಕೂಡ ಇಲ್ಲ.

ಅವನೂ ಏನು ಮಾಡಿಯಾನು! ಡೆಲಿವರಿ ಆ್ಯಪ್‌ಗಳ ಆರ್ಡರ್ ಬರುವ, ಕೌಂಟರಿನಲ್ಲಿ ಸಾಲಾಗಿ ನಿಲ್ಲಿಸಿದ ಟ್ಯಾಬ್ಲೆಟ್‌ಗಳು ಒಂದಾದ ಮೇಲೊಂದು ಕಿರುಚುತ್ತಿರುತ್ತವೆ. ಡೆಲಿವರಿಯವರು ಚೀಲಕ್ಕಾಗಿ ಕಾಯುತ್ತಿರುತ್ತಾರೆ. 2020ರಲ್ಲಿ ಒಳಗೆ ಕೂತು ತಿನ್ನುವುದು ನಿಂತಾಗ ಇಂಥ ಹೋಟೆಲುಗಳನ್ನು ಉಳಿಸಿದ್ದು ಆ ಚೀಲಗಳೇ. ಮರುವರ್ಷ ಸರ್ಕಾರ ಹೋಟೆಲುಗಳಿಗೆಂದು 28.6 ಬಿಲಿಯನ್ ಡಾಲರ್ ತೆಗೆದಿಟ್ಟಿತ್ತು. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರ ಸರದಿ ಬರುವ ಮೊದಲೇ ದುಡ್ಡು ಖಾಲಿ. ಡೆಲಿವರಿ ಆ್ಯಪ್‌ಗಳು ಬಿಲ್ಲಿನಲ್ಲಿ ನೂರಕ್ಕೆ 15ರಿಂದ 30ರವರೆಗೆ ಕಮಿಷನ್ ಹಿಡಿಯುತ್ತವೆ. ಉಳಿದದ್ದರಲ್ಲಿ ಲಾಭ ನೋಡಬೇಕೆಂದರೆ ಮಾಲೀಕರು ಮೊದಲು ಕಡಿಮೆ ಮಾಡುವುದು ಬಡಿಸುವವರನ್ನೇ. ಲೆಕ್ಕ ನನಗೂ ಅರ್ಥವಾಗುತ್ತದೆ. ಆದರೆ ಅಡುಗೆಯಲ್ಲಿ ಏನಿದೆ ಅಂತ ಗೊತ್ತಿದ್ದ ಒಬ್ಬರನ್ನೂ ಉಳಿಸಿಕೊಳ್ಳದೆ ಹೋದದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಹಾಗಾದರೆ ಟಿಪ್ಸ್ ಕಡಿಮೆ ಕೊಟ್ಟು ಬುದ್ಧಿ ಕಲಿಸಬಹುದಲ್ಲ ಎಂದು ಊರಿನವರು ಕೇಳುತ್ತಾರೆ. ಆ ದಾರಿ ಇಲ್ಲಿಲ್ಲ. ಟೆಕ್ಸಾಸ್‌ನಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕೂಲಿ ಗಂಟೆಗೆ 2.13 ಡಾಲರ್. ಕೇಂದ್ರದ ಈ ಮೊತ್ತ 1991ರಿಂದ ಅಲ್ಲಾಡಿಲ್ಲ. ಟಿಪ್ಸ್ ಸೇರಿಸಿಯೂ ಗಂಟೆಗೆ 7.25 ಡಾಲರಿನ ಕನಿಷ್ಠ ಕೂಲಿ ಮುಟ್ಟದಿದ್ದರೆ ಮಾತ್ರ ಮಾಲೀಕರು ತುಂಬಿಕೊಡಬೇಕು. ನಾನು ಸಿಟ್ಟಿನಿಂದ ಕಡಿತ ಮಾಡಿದರೆ ಪೆಟ್ಟು ಬೀಳುವುದು ಆ ಹುಡುಗನಿಗೆ, ಟ್ಯಾಬ್ಲೆಟ್ ತಂದಿಟ್ಟವರಿಗಲ್ಲ. ಊಟ ಬರುವ ಮೊದಲೇ ಟಿಪ್ಸ್ ನೂರಕ್ಕೆ 20, 22, 25 ಎಂದು ಕೇಳುವ ಪರದೆ ನೋಡಿದರೆ ಮೈಯೆಲ್ಲ ಉರಿಯುತ್ತದೆ, ಆದರೂ 20 ಒತ್ತುತ್ತೇನೆ.

ಮಾಲೀಕರ ಹತ್ತಿರವೇ ಮಾತಾಡಿದೆ. "ಆ್ಯಪ್‌ನಲ್ಲಿ ತರಿಸುವವರು ಏನೂ ಕೇಳೋದಿಲ್ಲ, ನೀವು ತುಂಬಾ ಕೇಳ್ತೀರಿ" ಅಂದರು, ನಗುತ್ತಲೇ. ಗಿರಾಕಿಗೆ ಹೇಳುವ ಮಾತೇ ಇದು!

ಮಕ್ಕಳನ್ನು ನೋಡಲು ಈ ಕಡೆ ಬರುವ ಹಿರಿಯರಿಗೆ ಒಂದು ಮಾತು: ಶುಕ್ರವಾರ, ಶನಿವಾರ ಸಂಜೆ ಇಂಥ ಕಡೆ ಹೋಗಬೇಡಿ, ಚೀಲಗಳ ಗದ್ದಲದಲ್ಲಿ ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ. ವಾರದ ದಿನ ಮಧ್ಯಾಹ್ನ ಹೋಗಿ. ಬರೀ ವೆಜಿಟೇರಿಯನ್ ಅಂದರೆ ಸಾಲದು. ಫಿಶ್ ಸಾಸ್, ಆಯ್ಸ್ಟರ್ ಸಾಸ್, ಶ್ರಿಂಪ್ ಪೇಸ್ಟ್ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿ. 'ಇರಲಿಕ್ಕಿಲ್ಲ' ಅಂದರೆ ಬಿಳಿ ಅನ್ನವನ್ನಷ್ಟೇ ತರಿಸಿಕೊಳ್ಳಿ.