ಚೊಗರು, ಪಟಿಕ, ತುಕ್ಕು: ಕ್ರಾಫ್ಟ್ ಪೀರಿಯಡ್ಡಿನ ನೆನಪುಗಳು

ಶಾಲೆಯ ಸ್ಮರಣ ಸಂಚಿಕೆಗೆ ಬರೆಯಿರಿ ಎಂದು ಕರೆ ಬರುವ ಹೊತ್ತಿಗೆ ನಮ್ಮ ಬ್ಯಾಚಿನವರು ಗಣಿತದ ಮೇಷ್ಟ್ರನ್ನೂ ಹೆಡ್‌ಮಾಸ್ಟರ ಬೆತ್ತವನ್ನೂ ಖೋಖೋ ಪಂದ್ಯಗಳನ್ನೂ ತಮ್ಮತಮ್ಮಲ್ಲಿ ಹಂಚಿಕೊಂಡಾಗಿತ್ತು. ನನ್ನ ಪಾಲಿಗೆ ಉಳಿದದ್ದು ಕ್ರಾಫ್ಟ್ ಪೀರಿಯಡ್ಡು. ಯಾರೂ ಕೇಳದಿದ್ದರೂ ನಾನು ಅದನ್ನೇ ಆರಿಸಿಕೊಳ್ಳುತ್ತಿದ್ದೆ ಅನ್ನಿ. ಪರೀಕ್ಷೆಯಿಲ್ಲದ, ಸಮಾಜದ ಪಾಠ ಮುಗಿಯದಿದ್ದರೆ ಮೇಷ್ಟ್ರು ಸಲೀಸಾಗಿ ಕಸಿದುಕೊಳ್ಳುತ್ತಿದ್ದ ಆ ಪೀರಿಯಡ್ಡಿನಿಂದಲೇ ಇವತ್ತು ನನ್ನ ಹೊಟ್ಟೆ ತುಂಬುತ್ತಿದೆ. ತಿರುಪ್ಪೂರಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ಶೇಡ್ ಮ್ಯಾಚಿಂಗ್ ನನ್ನ ಕೆಲಸ. ಗಿರಾಕಿ ಕಳಿಸಿದ ಅಂಗೈಯಗಲದ ಬಟ್ಟೆಯ ಬಣ್ಣವನ್ನು ನಮ್ಮ ನೂಲಿನ ಮೇಲೆ ಹಾಗೆಯೇ ತರುವುದು.

ನಾವು ಓದಿದ್ದು ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ. ಸಾಗರ ತಾಲ್ಲೂಕಿನ ಈ ಮೂಲೆಗೆ ಕ್ರಾಫ್ಟ್ ಟೀಚರು ವರ್ಗವಾಗಿ ಬಂದದ್ದು ಇಳಕಲ್ ಕಡೆಯಿಂದ; ಆಗ ಅದಿನ್ನೂ ಬಿಜಾಪುರ ಜಿಲ್ಲೆ. ನೇಕಾರರ ಮನೆಯವರು. ನಮ್ಮ ಮಳೆ ಅವರಿಗೆ ಕೊನೆಯವರೆಗೂ ಒಗ್ಗಲಿಲ್ಲ. 'ಈ ಊರಾಗ ನೂಲು ಒಣಗೂದs ಇಲ್ಲಲ್ಲೋ' ಎಂದು ಜುಲೈ ತಿಂಗಳಿಡೀ ಗೊಣಗುತ್ತಿದ್ದರು. ಕ್ರಾಫ್ಟ್ ಕೋಣೆ ಎಂದರೆ ಸ್ಟೋರ್‌ರೂಮಿನ ಅರ್ಧ ಭಾಗ. ಅಲ್ಲಿ ಒಂದಷ್ಟು ತಕಲಿಗಳು, ಹಂಜಿಯ ಕಟ್ಟು, ಟೇಬಲ್ಲಿನ ಮೇಲಿಡುವಂಥ ಒಂದು ಪುಟ್ಟ ಮಗ್ಗ. ಉತ್ತರಕ್ಕೆ ತೆರೆಯುವ ಒಂದು ಕಿಟಕಿ. ಆ ಕಿಟಕಿಯೇ ನಮ್ಮ ಪಾಠಪುಸ್ತಕ ಎಂದು ಆಗ ಗೊತ್ತಿರಲಿಲ್ಲ.

ಬಣ್ಣದ ಪುಡಿಗೆ ಸರ್ಕಾರದಿಂದ ಬರುತ್ತಿದ್ದ ದುಡ್ಡು ಜೂನ್‌ನಲ್ಲೇ ಖಾಲಿ. ದೀಪಾವಳಿಯ ಆಸುಪಾಸಿಗೆ ಮನೆಮನೆಯಲ್ಲಿ ಅಡಿಕೆ ಸುಲಿಯುವುದು ಶುರುವಾಗುತ್ತದಲ್ಲ, ಆಗ ಟೀಚರ ಕಣ್ಣು ನಮ್ಮ ಕೈಗಳ ಮೇಲೆ ಬಿತ್ತು. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು ಹೇಗಿರುತ್ತದೆ ಎಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಸೋಪು ಹಾಕಿ ಉಜ್ಜಿದರೂ ಹೋಗದ ಆ ಕಲೆಯನ್ನು ಅವರು ಒಬ್ಬೊಬ್ಬರ ಕೈ ಹಿಡಿದು ತಿರುಗಿಸಿ ನೋಡಿದರು. 'ಇದು ಹೋಗೂದಿಲ್ಲ ಅಂದ್ರ, ಇದs ಬಣ್ಣ. ನಾಳೆ ಎಲ್ಲಾರೂ ಒಂದೊಂದು ತಂಬಿಗಿ ಚೊಗರು ತರ್ರಿ.'

ಮಲೆನಾಡಿನಾಚೆಯ ಓದುಗರಿಗಾಗಿ ಒಂದು ಮಾತು. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿದ ಮೇಲೆ ಉಳಿಯುವ ಗಟ್ಟಿ ಕೆಂಗಂದು ನೀರೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಬರಲಿ ಎಂದು ಅದನ್ನೇ ಮತ್ತೆ ಬಳಸುತ್ತಾರೆ. ಅದರ ತುಂಬ ಟ್ಯಾನಿನ್ ಎಂಬ ಒಗರು ಪದಾರ್ಥ. ಹತ್ತಿಗೆ ಬಣ್ಣ ಹಿಡಿಸುವುದು ಕಷ್ಟದ ಕೆಲಸ. ರೇಷ್ಮೆ, ಉಣ್ಣೆಗಳು ಪ್ರಾಣಿಜನ್ಯ, ಪ್ರೊಟೀನಿನ ಎಳೆಗಳಾದ್ದರಿಂದ ಬಣ್ಣವನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತವೆ, ಹತ್ತಿ ಬಿಟ್ಟುಕೊಳ್ಳುವುದಿಲ್ಲ. ಟ್ಯಾನಿನ್ ಮಾತ್ರ ಹತ್ತಿಯನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಲೋಹದ ಲವಣ ಬಂದು ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಎಳೆಗೆ ಬಣ್ಣ ಕಚ್ಚಿಸುವ ಇಂಥ ಲವಣವನ್ನು ಮಾರ್ಡೆಂಟ್ ಎನ್ನುತ್ತಾರೆಂದು ಕಾಲೇಜಿನ ಕೆಮಿಸ್ಟ್ರಿಯಲ್ಲಿ ಓದಿದಾಗ ನನಗೆ ಕಂಡದ್ದು ಶಾಲೆಯ ಹಿಂದಿನ ಮೂರು ಕಲ್ಲಿನ ಒಲೆ.

ಆ ಒಲೆಯ ಮೇಲೆ ಒಂದೇ ಹಂಡೆ. ಅದರಲ್ಲಿ ಅದ್ದಿದ ಬಿಳಿ ನೂಲಿನ ಲಡಿಗಳೆಲ್ಲ ಒಂದೇ ಬಗೆಯ ಮಂಕು ಕಂದಾಗಿ ಎದ್ದವು. ಇಷ್ಟೇನಾ ಎಂದುಕೊಂಡೆವು. ಟೀಚರು ಪಕ್ಕದಲ್ಲಿ ಮೂರು ಬೋಗುಣಿ ಇಟ್ಟಿದ್ದರು. ಮೊದಲನೆಯದರಲ್ಲಿ ಪಟಿಕದ ನೀರು. ಅದಕ್ಕೆ ಹೋದ ಲಡಿ ತಿಳಿಯಾಗಿ, ಬೆಚ್ಚಗಿನ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಎರಡನೆಯದರಲ್ಲಿ ಸುಣ್ಣದ ತಿಳಿ. ಎಲೆಯಡಿಕೆ ಹಾಕುವವರ ಬಾಯಿ ಯಾಕೆ ಕೆಂಪಾಗುತ್ತದೆ ಎಂಬುದರ ಉತ್ತರ ಅಲ್ಲೇ ಕಾಣಿಸಿತು. ಮೂರನೆಯದು ನಾರುತ್ತಿತ್ತು. ತುಕ್ಕು ಹಿಡಿದ ಮೊಳೆ, ಮುರಿದ ಲಾಳ, ಒಂದು ಉಂಡೆ ಬೆಲ್ಲ ಹಾಕಿ ವಾರಗಟ್ಟಲೆ ಕೊಳೆಸಿದ ನೀರು. ಅದರಲ್ಲಿ ಮುಳುಗಿಸಿದ ಕಂದು ನೂಲು ನಮ್ಮ ಕಣ್ಣೆದುರೇ ಬೂದಾಗಿ, ಕಪ್ಪಾಯಿತು. ಹುಡುಗರು ಸಿಳ್ಳೆ ಹೊಡೆದರು. ಅಲ್ಲಿಯವರೆಗೂ ಕ್ರಾಫ್ಟ್ ಹೆಣ್ಣುಮಕ್ಕಳ ಪೀರಿಯಡ್ಡು ಎಂದು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವರೇ ಮಾರನೆಯ ದಿನ ತುಕ್ಕು ಕಬ್ಬಿಣ ಹುಡುಕಿಕೊಂಡು ಗ್ಯಾರೇಜಿಗೆ ಹೋದರು.

ನೀರು ಬದಲಾದರೂ ಬಣ್ಣ ಬದಲಾಗುತ್ತಿತ್ತು. ಬೋರಿನ ನೀರು ಹಾಕಿದ ದಿನ ಪಟಿಕದ ಇಟ್ಟಿಗೆ ಬಣ್ಣವೂ ಮಬ್ಬು ಬಡಿದಂತೆ ಕಂಡಿತು. 'ನೀರಾಗs ಕಬ್ಬಿಣ ಐತಿ' ಎಂದು ಟೀಚರು ತೀರ್ಪು ಕೊಟ್ಟು, ಹಳ್ಳದಿಂದ ಕೊಡ ಹೊತ್ತು ತರಿಸಿದರು. ನಮ್ಮ ಲ್ಯಾಬಿನಲ್ಲಿ ಈಗ ನೀರಿನ ಗಡಸು, ಕಬ್ಬಿಣ ಎಲ್ಲವನ್ನೂ ಅಳೆದ ಮೇಲೆಯೇ ಮೊದಲ ಲ್ಯಾಬ್ ಡಿಪ್, ಅಂದರೆ ಸಣ್ಣ ತುಂಡಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ.

ಬಣ್ಣ ಬಂದ ಮೇಲೆ ನೇಯಲು ಬಿಟ್ಟರೇ? ಇಲ್ಲ. ಲಗ್ನಪತ್ರಿಕೆಯ ರಟ್ಟನ್ನು ಬೆರಳುದ್ದದ ಪಟ್ಟಿಗಳಾಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ಇರುವ ನಾಲ್ಕೇ ಬಣ್ಣದ ನೂಲು: ಬಿಳಿ, ಇಟ್ಟಿಗೆ, ಕಡುಗೆಂಪು, ಕಪ್ಪು. ಅವನ್ನು ರಟ್ಟಿಗೆ ಒತ್ತೊತ್ತಾಗಿ, ಬೇಕಾದ ಅಗಲಕ್ಕೆ ಸುತ್ತಬೇಕು. ಯಾವುದರ ಪಕ್ಕ ಯಾವುದು, ಎಷ್ಟು ಎಳೆ, ಎಲ್ಲ ನಮ್ಮ ಇಷ್ಟ. ಪಕ್ಕದವರದ್ದನ್ನು ನೋಡುವಂತಿಲ್ಲ. ಚಿತ್ರ ಬಿಡಿಸಲು ಬಾರದ ನನ್ನಂಥವರಿಗೆ ಅದು ದೊಡ್ಡ ಬಿಡುಗಡೆ. ಪೆನ್ಸಿಲ್ ಕೊಟ್ಟರೆ ನನ್ನ ಕೈಯಲ್ಲಿ ಆಗಲೂ ಈಗಲೂ ಬರುವುದು ಎರಡು ಗುಡ್ಡ, ನಡುವೆ ಸೂರ್ಯ. ನೂಲು ಕೊಟ್ಟಾಗ ಗುಡ್ಡವೂ ಬೇಡ, ಸೂರ್ಯನೂ ಬೇಡ.

ಸುತ್ತಿದ ರಟ್ಟುಗಳನ್ನೆಲ್ಲ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ನಾಲ್ಕೇ ಬಣ್ಣ, ಆದರೆ ಒಂದರಂತೆ ಒಂದಿಲ್ಲ. ಒಬ್ಬ ಕೆಂಪು ಬಸ್ಸಿನ ಪಟ್ಟೆಗಳನ್ನು ಸುತ್ತಿದ್ದ. ಒಬ್ಬಳು ಇಡೀ ಪಟ್ಟಿಗೆ ಕಪ್ಪನ್ನೇ ಸುತ್ತಿ, ನಡುವೆ ಎಲ್ಲೋ ಒಂದೇ ಒಂದು ಎಳೆ ಬಿಳಿ ಬಿಟ್ಟಿದ್ದಳು. ಟೀಚರು ಬಹಳ ಹೊತ್ತು ನೋಡಿದ್ದು ಅದನ್ನೇ. ನನ್ನದರಲ್ಲಿ ಕೆಂಪು, ಇಟ್ಟಿಗೆ, ಕೆಂಪು, ಇಟ್ಟಿಗೆ ಒಂದೊಂದೇ ಎಳೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಲು ಹೇಳಿದರು. ಎರಡೂ ಕರಗಿ, ಹಂಡೆಯಲ್ಲಿ ಇಲ್ಲದಿದ್ದ ಐದನೆಯ ಬಣ್ಣವೊಂದು ಅಲ್ಲಿತ್ತು. ಕುಂಚದ ಬಣ್ಣವನ್ನು ತಟ್ಟೆಯಲ್ಲಿ ಕಲೆಸಬಹುದು. ಬಣ್ಣ ಹಾಕಿದ ನೂಲನ್ನು ಕಲೆಸಲು ಬರುವುದಿಲ್ಲ, ಪಕ್ಕಪಕ್ಕ ಇಡಬಹುದು ಅಷ್ಟೇ. ಕಲೆಸುವ ಕೆಲಸ ನೋಡುವವರ ಕಣ್ಣಿನದು. ಹಾಸಿನ (ಉದ್ದದ) ಎಳೆಗೆ ಒಂದು ಬಣ್ಣ, ಹೊಕ್ಕಿನ (ಅಡ್ಡದ) ಎಳೆಗೆ ಇನ್ನೊಂದು ಹಾಕಿ ನೇಯ್ದ ಬಟ್ಟೆ ಮಡಿಕೆಯಲ್ಲೊಂದು, ಬಯಲಲ್ಲೊಂದು ಬಣ್ಣ ತೋರುವುದೂ ಎರಡು ಬಣ್ಣದ ಎಳೆಗಳು ಕಲೆಯದೆ ಜೊತೆಗಿರುವುದರಿಂದಲೇ.

ಟೀಚರು ವಾರಕ್ಕೊಮ್ಮೆಯಾದರೂ ಇಳಕಲ್ ಸೀರೆ ಉಟ್ಟು ಬರುತ್ತಿದ್ದರು. ಅದೂ ಪಾಠವೇ ಆಗಿಬಿಡುತ್ತಿತ್ತು. ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು, ಅದರೊಳಗೆ ತೋಪುತೆನೆ ಎಂಬ ಬಿಳಿಯ ವಿನ್ಯಾಸ. ಮೈಯ ಹಾಸಿನ ಎಳೆಗಳ ತುದಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರಂತೆ. ಹಾಗಾಗಿ ಪ್ರತಿ ಸೀರೆಗೂ ಬೇರೆಯೇ ಹಾಸು ತಯಾರಾಗಬೇಕು. ಸೆರಗನ್ನು ಮೇಜಿನ ಮೇಲೆ ಹರಡಿ ಆ ಕೂಡುವ ಜಾಗವನ್ನು ಬೆರಳಿನಿಂದ ಮುಟ್ಟಿಸಿದ್ದರು. 'ದಡಿಯ ಕೆಂಪು, ಸೆರಗಿನ ಕೆಂಪು ಒಂದs ಏನು?' ಎಂದರೆ ನಾವು ಹೌದು ಎನ್ನುತ್ತಿದ್ದೆವು. ಸೀರೆ ಕಿಟಕಿಗೆ ಹೋಗುತ್ತಿತ್ತು. ಅಲ್ಲಿ ರೇಷ್ಮೆಯ ಕೆಂಪು ಬೆಳಕಿನೊಡನೆ ತಿರುಗುತ್ತಿತ್ತು, ಹತ್ತಿಯದು ಇದ್ದಲ್ಲೇ ಇರುತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಕಸೂತಿ. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳನ್ನು ಮ್ಯಾಟಿ ಬಟ್ಟೆಯ ಮೇಲೆ ಕಲಿತೆವು. ಮೊದಲೇ ಗೆರೆ ಹಾಕಿಕೊಳ್ಳುವಂತಿಲ್ಲ, ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿಯಲ್ಲಿ ಹಿಂದೂ ಮುಂದೂ ಒಂದೇ ರೀತಿ ಕಾಣಬೇಕು. ನನಗೆ ಇದರಲ್ಲಿ ತಾಳ್ಮೆ ಇರಲಿಲ್ಲ, ಹೆಚ್ಚು ಹೇಳುವುದೂ ಇಲ್ಲ. ನೆನಪಿರುವುದು ದಾರದ ಸಂಗತಿ. ಒಂದೇ ಉಂಡೆಯ ಬೂದು ದಾರವನ್ನು ಅರ್ಧದಷ್ಟು ಮಂದಿ ಕೆಂಪು ಬಟ್ಟೆಗೆ, ಅರ್ಧ ಮಂದಿ ನೀಲಿ ಬಟ್ಟೆಗೆ ಹಾಕಿದೆವು. ಕೆಂಪಿನ ಮೇಲೆ ಅದು ತುಸು ಹಸಿರಿಗೆ ವಾಲಿತು, ನೀಲಿಯ ಮೇಲೆ ಹಳದಿಯ ಕಡೆಗೆ. ಉಂಡೆ ಬೇರೆ ಇರಬೇಕೆಂದು ನಮ್ಮಲ್ಲಿ ಜಗಳವೇ ಆಯಿತು.

ಇದೇ ಜಗಳ ಪ್ಯಾರಿಸ್ಸಿನಲ್ಲೂ ಆಗಿತ್ತು ಎಂದು ತಿಳಿದದ್ದು ಟೆಕ್ಸ್‌ಟೈಲ್ ಓದುವಾಗ. ಅಲ್ಲಿನ ಗೋಬ್ಲಾಂ ಎಂಬ ಹೆಸರಾಂತ ನೇಯ್ಗೆಯ ಕಾರ್ಯಾಗಾರಕ್ಕೆ ಮಿಷೆಲ್ ಯೂಜೀನ್ ಷೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞ 1824ರಲ್ಲಿ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿಗೆ ಕಸುವೇ ಇಲ್ಲ ಎಂದು ದೂರು. ಆತ ಪರೀಕ್ಷಿಸಿ ನೋಡಿದ: ಕಪ್ಪಿನಲ್ಲಿ ಕೊರತೆಯಿರಲಿಲ್ಲ, ಅದನ್ನು ನೀಲಿ, ನೇರಳೆಗಳ ಪಕ್ಕ ನೇಯುತ್ತಿದ್ದರು. ನೆರೆಯ ಬಣ್ಣವೇ ಅದನ್ನು ಸಪ್ಪೆಯಾಗಿಸುತ್ತಿತ್ತು. ಆ ವಿಚಾರವನ್ನು ಬೆಳೆಸಿ 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ, ಮುಂದೆ ಚಿತ್ರಕಾರರೂ ಅದರಿಂದ ಕಲಿತರು. ನಮ್ಮ ಟೀಚರು ಷೆವ್ರೊಲ್‌ನನ್ನು ಓದಿರಲಿಲ್ಲ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ಅದನ್ನು ಓದಿ ತಿಳಿಯುವ ಅಗತ್ಯವೂ ಇರಲಿಲ್ಲವೆನಿಸುತ್ತದೆ.

ಇನ್ನು ಆ ಕಿಟಕಿ. ಲಡಿಯ ಬಣ್ಣ ಸರಿಯೇ ತಪ್ಪೇ ಎಂದು ಟ್ಯೂಬ್‌ಲೈಟಿನ ಕೆಳಗೆ ಅವರು ಎಂದೂ ಹೇಳಿದ್ದಿಲ್ಲ. 'ದೀಪದ ಕೆಳಗ ಎಲ್ಲಾ ಚಂದ ಕಾಣ್ತಾವ, ಹೊರಗ ಬಾ.' ನೇರ ಬಿಸಿಲಿಗೂ ಒಯ್ಯುತ್ತಿರಲಿಲ್ಲ. ಉತ್ತರದ ಕಿಟಕಿಗೆ ಹೆಚ್ಚಾಗಿ ನೇರ ಬಿಸಿಲು ಬೀಳದು, ಬೆಳಕು ಬೀಳುತ್ತದೆ. ನಮ್ಮ ಲ್ಯಾಬಿನಲ್ಲಿ ಆ ಕಿಟಕಿಯ ಬದಲು ಬೂದು ಬಣ್ಣ ಬಳಿದ ಒಂದು ಪೆಟ್ಟಿಗೆ ಇದೆ, ಲೈಟ್ ಬಾಕ್ಸ್. ಗುಂಡಿ ಒತ್ತಿದರೆ ಡಿ65 ಎಂಬ ಹಗಲಿನ ಬೆಳಕು, ಇನ್ನೊಂದು ಒತ್ತಿದರೆ ಅಂಗಡಿಯ ಟ್ಯೂಬಿನ ಬೆಳಕು, ಮತ್ತೊಂದಕ್ಕೆ ಹಳೆಯ ಬಲ್ಬಿನ ಹಳದಿ. ಹಗಲಿನಲ್ಲಿ ಅಣ್ಣತಮ್ಮಂದಿರಂತೆ ಕಂಡ ಎರಡು ತುಂಡು ಅಂಗಡಿಯ ದೀಪದಲ್ಲಿ ಪರಸ್ಪರ ಗುರುತೇ ಇಲ್ಲದವರಾಗುತ್ತವೆ. ಬೇರೆಬೇರೆ ಡೈಗಳನ್ನು ಕೂಡಿಸಿ ಒಂದೇ ಬಣ್ಣ ತರಲು ಹೋದಾಗ ಹೀಗಾಗುತ್ತದೆ, ಮೆಟಾಮೆರಿಸಂ ಎನ್ನುತ್ತಾರೆ. ಬಣ್ಣ ಅಳೆಯುವ ಮೀಟರು ಅಂಕಿ ಕೊಡುತ್ತದೆ, ಸಾಫ್ಟ್‌ವೇರು ರೆಸಿಪಿ ಕೊಡುತ್ತದೆ. ಆದರೂ ಕೊನೆಯಲ್ಲಿ ತುಂಡನ್ನು ಹಿಡಿದು ನಾನು ವರಾಂಡಕ್ಕೆ ಹೋಗಿಬರುವುದನ್ನು ಕಂಡು ಸಹೋದ್ಯೋಗಿಗಳು ನಗುತ್ತಾರೆ.

ನೈಸರ್ಗಿಕ ಬಣ್ಣವೆಂದರೆ ಎಲ್ಲ ಒಳ್ಳೆಯದು, ಪುಡಿ ಬಣ್ಣವೆಂದರೆ ವಿಷ ಎಂಬ ಮಾತು ಈಗ ಜೋರಾಗಿದೆ. ಟೀಚರು ಹಾಗೆ ಎಂದೂ ಹೇಳಲಿಲ್ಲ, ನಾನೂ ಹೇಳಲಾರೆ. ತುಕ್ಕಿನ ನೀರಿನ ಕಪ್ಪು ಚೆಂದವೇ, ಆದರೆ ಕಬ್ಬಿಣ ಹೆಚ್ಚಾದರೆ ವರ್ಷಗಳು ಕಳೆದಂತೆ ಹತ್ತಿಯ ಎಳೆ ಜೀರ್ಣವಾಗುತ್ತದೆ. ಪುಡಿ ಬಣ್ಣ ಬಡವರ ಮೈಗೂ ನೇರಳೆ, ಗುಲಾಬಿಗಳನ್ನು ತಂದುಕೊಟ್ಟಿತು. ಹಾಗೆಂದು ಅದರ ಲೆಕ್ಕ ಚುಕ್ತವಾಗಿದೆ ಎಂದೂ ಅಲ್ಲ. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಯನ್ನು ಕೆಡಿಸಿದ್ದಕ್ಕೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್ ಘಟಕಗಳನ್ನೆಲ್ಲ ಮುಚ್ಚಿಸಿತ್ತು. ಬಳಸಿದ ನೀರನ್ನು ಒಂದು ಹನಿಯೂ ಹೊರಬಿಡದೆ ಶುದ್ಧೀಕರಿಸಿ ಮತ್ತೆ ಬಳಸಬೇಕೆಂಬ ನಿಯಮದಡಿಯಲ್ಲೇ ಈಗ ಅಲ್ಲಿ ಕೆಲಸ. ನೀರಿನಿಂದ ಆ ಬಣ್ಣವನ್ನು ತೆಗೆಯುವುದೂ ದುಬಾರಿ ಕೆಲಸ.

ನಾವು ಶಾಲೆ ಬಿಡುವ ಕಾಲಕ್ಕೆ, 1996ರಲ್ಲಿ, ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮುಂದಾಳತ್ವದಲ್ಲಿ 'ಚರಕ' ಶುರುವಾಯಿತು. ಹಳ್ಳಿಯ ಹೆಣ್ಣುಮಕ್ಕಳೇ ನಡೆಸುವ ಕೈಮಗ್ಗದ ಸಂಸ್ಥೆ. ಅಲ್ಲಿಯೂ ಚೊಗರಿನ ಬಣ್ಣ. ರಜೆಗೆ ಬಂದಾಗಲೆಲ್ಲ ಅತ್ತ ಹೋಗಿ ಲಡಿಗಳನ್ನು ನೋಡಿ ಬರುತ್ತೇನೆ. ನಮ್ಮ ಟೀಚರು ಅಷ್ಟರಲ್ಲಿ ವರ್ಗವಾಗಿ ತಮ್ಮ ಕಡೆಗೆ ಹೋಗಿಯಾಗಿತ್ತು. ನೂಲು ಒಣಗುವ ಊರಿಗೆ.

ಸ್ಟೋರ್‌ರೂಮಿನಲ್ಲಿ ಆ ಪುಟ್ಟ ಮಗ್ಗ ಇನ್ನೂ ಇದೆ ಎಂದು ಈಗಿನ ಮೇಷ್ಟ್ರೊಬ್ಬರು ಹೇಳಿದರು. ಹೇಗೂ ಅಡಿಕೆ ಸುಲಿಯುವ ಕಾಲ ಬರುತ್ತಿದೆ. ಈಗ ಓದುತ್ತಿರುವ ಮಕ್ಕಳು ಮಾಡಿ ನೋಡುವುದಾದರೆ ಟೀಚರ ವಿಧಾನ ಇಲ್ಲಿದೆ. ಹತ್ತಿ ನೂಲಿನ ಲಡಿಯನ್ನು ಸೋಪು, ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ, ಜಿಡ್ಡು ಹೋಗುವವರೆಗೆ ತೊಳೆಯಿರಿ. ಚೊಗರನ್ನು ಬಟ್ಟೆಯಲ್ಲಿ ಸೋಸಿ, ತುಸು ನೀರು ಬೆರೆಸಿ, ಲಡಿ ಮುಳುಗಿಸಿ ಸಣ್ಣ ಉರಿಯಲ್ಲಿಡಿ. ನಡುನಡುವೆ ಕೋಲಿನಿಂದ ತಿರುಗಿಸುತ್ತಿರಿ, ಇಲ್ಲದಿದ್ದರೆ ಪಟ್ಟೆಪಟ್ಟೆಯಾಗುತ್ತದೆ. ರಾತ್ರಿ ಅದರಲ್ಲೇ ಬಿಡಿ. ಬೆಳಿಗ್ಗೆ ಹಿಂಡಿ, ನೆರಳಲ್ಲಿ ಒಣಗಿಸಿದ ಮೇಲೆ, 100 ಗ್ರಾಂ ನೂಲಿಗೆ 15 ಗ್ರಾಂ ಪಟಿಕ ಕರಗಿಸಿದ ಬಿಸಿನೀರಿನಲ್ಲಿ ಒಂದು ಗಂಟೆ ಅದ್ದಿಡಿ. ಕಪ್ಪು ಬೇಕಾದವರು ಪಟಿಕದ ಬದಲು ತುಕ್ಕಿನ ನೀರಿಗೆ ಕೆಲವೇ ನಿಮಿಷ ಹಾಕಿ ತೆಗೆದು, ಚೆನ್ನಾಗಿ ತೊಳೆಯಬೇಕು. ಒಲೆಯ ಹತ್ತಿರ ದೊಡ್ಡವರೊಬ್ಬರು ಇರಲಿ, ಅಡುಗೆಯ ಪಾತ್ರೆ ಮುಟ್ಟಬೇಡಿ, ತುಕ್ಕಿನ ನೀರಿಗೆ ಪಾತ್ರೆಯೂ ಕೋಲೂ ಬೇರೆಯೇ ಇರಲಿ. ಅದರ ಒಂದು ಹನಿ ಪಟಿಕದ ಬೋಗುಣಿಗೆ ಬಿದ್ದರೂ ಇಟ್ಟಿಗೆ ಬಣ್ಣ ಮಂಕಾಗಿಬಿಡುತ್ತದೆ.